ಹಳೆ ವೀಣೆ, ಕರುಳಿನ ತಂತಿಯ ಪಿಟೀಲು: ಕಾಂಟ್ಯಾಕ್ಟ್ ಮೈಕ್ ಇಲ್ಲದೆ ರೆಕಾರ್ಡ್ ಮಾಡುವುದು ಹೇಗೆ?

ಸಾರಣಿ_ಕುವೆಂಪುನಗರ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಉದ್ದ ಇದೆ, ಸ್ವಲ್ಪ ಸಹಿಸಿಕೊಳ್ಳಿ.

ನಾವು ಮೂವರು ಸೇರಿ ಒಂದು ಗಂಟೆಯಷ್ಟು ಸಂಗೀತ ರೆಕಾರ್ಡ್ ಮಾಡಬೇಕು ಅಂತಿದ್ದೇವೆ. ನಾನು ವೀಣೆ. ಅಜ್ಜಿಯಿಂದ ಬಂದ ಹಳೆ ವೀಣೆ, ಮೇಣದ ಮೇಲೆ ಕೂರಿಸಿದ ಮೆಟ್ಟಿಲುಗಳು, ಪಿಕಪ್ ಗಿಕಪ್ ಏನೂ ಇಲ್ಲ. ಪಿಟೀಲಿನ ಗೆಳತಿ ಹಾಲೆಂಡಿನಲ್ಲಿ ಕೆಲವು ವರ್ಷ ಇದ್ದು ಬರೋಕ್ ಪಿಟೀಲು, ಅಂದರೆ 17-18ನೇ ಶತಮಾನದ ಯುರೋಪಿನ ಶೈಲಿ, ಕಲಿತು ಬಂದಿದ್ದಾಳೆ. ಅವಳ ಪಿಟೀಲಿಗೆ ಕರುಳಿನ ತಂತಿ, ಕಮಾನು ಕೂಡ ಹಳೆ ಮಾದರಿಯದು. ಮೃದಂಗಕ್ಕೆ ನನ್ನ ಅಣ್ಣ. ಶ್ರುತಿಗೆ ನಿಜವಾದ ತಂಬೂರಿ. ನುಡಿಸುವುದು ಮುಖ್ಯವಾಗಿ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು, ಆಮೇಲೆ ಮೈಸೂರು ವಾಸುದೇವಾಚಾರ್ಯರ ಒಂದೆರಡು ಕೃತಿ. ನೊಟ್ಟುಸ್ವರವೇ ಯಾಕೆ ಅಂದರೆ, ಬ್ರಿಟಿಷರ ಬ್ಯಾಂಡಿನ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದ್ದು, ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದದ್ದು, ಎರಡೂ ಹೆಚ್ಚುಕಡಿಮೆ ಒಂದೇ ಕಾಲದ, ಒಂದೇ ಮನೆಯ ಕಥೆ. ಆಗ ಪಿಟೀಲಿನ ಮೇಲೆ ಇದ್ದದ್ದು ಕರುಳಿನ ತಂತಿಯೇ. ಅಂಥ ಪಿಟೀಲು ವೀಣೆಯ ಪಕ್ಕ ಕೂತರೆ ಹೇಗೆ ಕೇಳಿಸುತ್ತದೆ ಅಂತ ನೋಡುವ ಆಸೆ.

ಮೊದಲು ಒಂದು ಸ್ಟುಡಿಯೋಗೆ ಹೋಗಿದ್ದೆವು. ಹೆಸರು ಬೇಡ. ಅಲ್ಲಿ ಮೂವರನ್ನೂ ಮೂರು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ವೀಣೆಯ ಹಲಗೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿದರು. ಹೊರಗೆ ಬಂದ ಸದ್ದು ಕೇಳಿ ನನ್ನ ಗುರುಗಳು "ಇದು ಯಾವ ಕೀಬೋರ್ಡಮ್ಮಾ?" ಅಂದರು. ಪಿಟೀಲಿನ ಕರಕರ ಎಲ್ಲಾ ಒರೆಸಿ ತೆಗೆದು ಮೇಲೆ ಪ್ರತಿಧ್ವನಿ ಸುರಿದಿದ್ದರು. ಸ್ಟೀಲ್ ತಂತಿಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಮತ್ತೆ ಕರುಳಿನ ತಂತಿ ಹಾಕಿ ಏನು ಬಂತು?

ಈಗ ನಾವೇ ಮಾಡೋಣ ಅಂತ. ಕೈಯಲ್ಲಿ ನಾಲ್ಕು ಟ್ರ್ಯಾಕಿನ ಒಂದು ಪುಟ್ಟ ರೆಕಾರ್ಡರ್ ಇದೆ, ಮೈಕ್ ಬಾಡಿಗೆಗೆ ತರಬಹುದು. ಜಾಗಕ್ಕೆ ಮೂರು ದಾರಿ. ಒಂದು, ಕುವೆಂಪುನಗರದ ನಮ್ಮ ಮನೆ ಹಾಲ್, ಕೆಳಗೆ ನುಣುಪು ಟೈಲ್ಸ್, ಮೇಲೆ ಕಾಂಕ್ರೀಟು. ಇನ್ನೊಂದು, ಪಾಂಡವಪುರದ ಹತ್ತಿರ ನಮ್ಮ ಸೋದರಮಾವನ ತೊಟ್ಟಿಮನೆ. ಮೂರನೆಯದು ಯಾವುದಾದರೂ ದೇವಸ್ಥಾನದ ಕಲ್ಲಿನ ಮಂಟಪ, ಮೇಲುಕೋಟೆ ಕಡೆ. ಎಷ್ಟು ಮೈಕ್ ಬೇಕು, ಎಲ್ಲಿಡಬೇಕು, ಯಾವ ಜಾಗ ಒಳ್ಳೆಯದು, ಹವೆಗೆ ಈ ತಂತಿಗಳು ಕೈಕೊಟ್ಟರೆ ಏನು ಮಾಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಜಮಖಾನ:

ಮೇಡಂ, ಮೈಕ್ ಎಷ್ಟು ಅನ್ನೋದು ಆಮೇಲಿನ ಮಾತು. ಮೊದಲು ಕೋಣೆ. ಒಳ್ಳೆ ಕೋಣೆಯಲ್ಲಿ ಎರಡು ಸಾಧಾರಣ ಮೈಕ್ ಸಾಕು. ಕೆಟ್ಟ ಕೋಣೆಯಲ್ಲಿ ಲಕ್ಷ ರೂಪಾಯಿ ಮೈಕ್ ಇಟ್ಟರೆ ಆ ಕೋಣೆ ಎಷ್ಟು ಕೆಟ್ಟದ್ದು ಅನ್ನೋದು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ.

ನಿಮ್ಮ ಹಾಲ್ ಮಧ್ಯೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟರ್ರ್ ಅಂತ ತಗಡಿನ ಸದ್ದು ಬರುತ್ತದೆ ಅಲ್ವಾ? ನೆಲದ ಟೈಲ್ಸ್‌ಗೂ ಮೇಲಿನ ಕಾಂಕ್ರೀಟಿಗೂ ಮಧ್ಯೆ, ಎದುರುಬದುರು ಗೋಡೆಗಳ ಮಧ್ಯೆ ಸದ್ದು ಹೋಗಿ ಬರುತ್ತಿರುತ್ತದೆ. ಆ ಟರ್ರ್ ರೆಕಾರ್ಡಿಂಗಿನಲ್ಲಿ ಒಮ್ಮೆ ಕೂತರೆ ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲ್ಲ. ಜಮಖಾನ, ಚಾಪೆ, ಪುಸ್ತಕದ ಕಪಾಟು, ಗೋಡೆಗೆ ಅಡ್ಡಡ್ಡ ನಿಲ್ಲಿಸಿದ ಹಾಸಿಗೆ, ಎಲ್ಲಾ ಸಹಾಯ ಮಾಡುತ್ತವೆ. ಆದರೆ ಜಾಸ್ತಿ ಮಾಡಿದರೆ ಕೋಣೆ ಸತ್ತೇ ಹೋಗುತ್ತದೆ. ಇಂಥ ವಾದ್ಯಗಳಿಗೆ ಅದು ಇನ್ನೂ ಕೆಟ್ಟದ್ದು. ಕರುಳಿನ ತಂತಿಗೂ ವೀಣೆಗೂ ಸದ್ದು ಕಡಿಮೆ, ಅವು ಕೋಣೆಯ ಸಹಾಯದಿಂದಲೇ ತುಂಬಿಕೊಳ್ಳುವುದು.

ಹಳೆ ವಾದ್ಯಗಳಲ್ಲೇ ನುಡಿಸುವ ಯುರೋಪಿನವರು ಇದನ್ನು ಬಹಳ ಮುಂಚೆಯೇ ಕಂಡುಕೊಂಡರು. ನಿಕೋಲಸ್ ಹಾರ್ನನ್‌ಕೂರ್ ಅನ್ನುವ ಸಂಗೀತಗಾರ ವಿಯೆನ್ನಾದಲ್ಲಿ ಕಾನ್ಸೆಂಟಸ್ ಮ್ಯೂಸಿಕಸ್ ತಂಡ ಕಟ್ಟಿದ್ದು 1953ರಲ್ಲಿ. ಮೊದಲ ಸಾರ್ವಜನಿಕ ಕಚೇರಿಗೆ 1957ರವರೆಗೆ ಕಾದರು. ಅವರ ಎಷ್ಟೋ ರೆಕಾರ್ಡುಗಳು ಆಗಿದ್ದು ಅದೇ ಊರಿನ ಕ್ಯಾಸಿನೊ ಝೋಗರ್ನಿಟ್ಜ್ ಅನ್ನುವ ಹಳೆ ಸಭಾಂಗಣದಲ್ಲಿ, ಸ್ಟುಡಿಯೋ ಗೂಡಿನಲ್ಲಲ್ಲ. ಅರಮನೆ ಕೋಣೆಗಾಗಿ ಮಾಡಿದ ವಾದ್ಯಕ್ಕೆ ಅಂಥದ್ದೇ ಅಳತೆಯ ಕೋಣೆ ಬೇಕು, ಇಷ್ಟೇ ಲೆಕ್ಕ.

ಈಗ ಮೈಕ್. ನಾನಾದರೆ ಎರಡೇ ಇಡುತ್ತೇನೆ. ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಕಂಡೆನ್ಸರ್ ಜೋಡಿ, ಓಆರ್‌ಟಿಎಫ್ ರೀತಿಯಲ್ಲಿ. ಅಂದರೆ ಎರಡು ಮೈಕಿನ ಮೂತಿಗಳ ಮಧ್ಯೆ 17 ಸೆಂ.ಮೀ., ಕೋನ 110 ಡಿಗ್ರಿ, ಒಂದು ಎಡಕ್ಕೆ ಒಂದು ಬಲಕ್ಕೆ. ಫ್ರಾನ್ಸಿನ ರೇಡಿಯೋದವರು ಕಂಡುಹಿಡಿದ ಅಳತೆ ಇದು. ನಮ್ಮ ಎರಡು ಕಿವಿಗಳ ಅಂತರಕ್ಕೆ ಹತ್ತಿರ ಇರುವುದರಿಂದ ಹೆಡ್‌ಫೋನಿನಲ್ಲೂ ಸ್ಪೀಕರಿನಲ್ಲೂ ಸಹಜವಾಗಿ ಕೇಳಿಸುತ್ತದೆ. ಕೋಣೆ ನಿಜವಾಗಲೂ ಚೆನ್ನಾಗಿದ್ದರೆ, ಎಲ್ಲಾ ದಿಕ್ಕಿನಿಂದಲೂ ಕೇಳುವ ಆಮ್ನಿ ಮೈಕ್ ಎರಡನ್ನು ಅರ್ಧ ಮೀಟರ್ ಅಂತರದಲ್ಲಿ ಇಟ್ಟುಕೊಂಡು ನೋಡಿ. ಕೆಳಸ್ತರದ ತುಂಬು ಅದರಲ್ಲಿ ಜಾಸ್ತಿ.

ಒಂದು ವಿಷಯ ಮರೆಯಬೇಡಿ. ಮೈಕಿಗೆ ಅದರದೇ ಆದ ಒಂದು ಸುಯ್ ಇರುತ್ತದೆ. ರಾಕ್ ಬ್ಯಾಂಡಿಗೆ ಅದು ಲೆಕ್ಕಕ್ಕಿಲ್ಲ, ಒಂದೂವರೆ ಮೀಟರ್ ದೂರದ ವೀಣೆಗೆ ಅದು ದೊಡ್ಡ ತಲೆನೋವು. ರೋಡ್ ಎನ್‌ಟಿ1-ಎ ಥರದ್ದು ಸಿಕ್ಕರೆ ಒಳ್ಳೆಯದು, ಅದರ ಸ್ವಂತ ಸದ್ದು 5 ಡಿಬಿ ಅಷ್ಟೇ. ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ಒಂದೇ ಮಾದರಿಯ ಎರಡು ಕೇಳಿ ಪಡೆಯಿರಿ. ರೆಕಾರ್ಡರನ್ನು 24 ಬಿಟ್‌ಗೆ ಇಟ್ಟು, ಅತಿ ಜೋರಿನ ಜಾಗದಲ್ಲೂ ಸದ್ದಿನ ಮೀಟರ್ ಮೈನಸ್ 12 ಡಿಬಿ ದಾಟದ ಹಾಗೆ ನೋಡಿಕೊಳ್ಳಿ. 24 ಬಿಟ್‌ನಲ್ಲಿ ಆಮೇಲೆ ಜೋರು ಮಾಡಿಕೊಂಡರೆ ಏನೂ ಹಾಳಾಗಲ್ಲ, ಮೃದಂಗದ ಒಂದು ಏಟಿಗೆ ಒಡೆದರೆ ಮಾತ್ರ ಆ ಟೇಕ್ ಹೋಯಿತು.

ಎತ್ತರದ ಬಗ್ಗೆ ಎಲ್ಲರೂ ಎಡವುತ್ತಾರೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ಮೈಕ್ ಸ್ಟ್ಯಾಂಡ್ ಎರಡೂವರೆ ಮೂರು ಮೀಟರ್ ಎತ್ತರ ಅಂತ ಬರೆದಿರುತ್ತಾರೆ. ಅದು ಕುರ್ಚಿ ಮೇಲೆ ಕೂತು, ನಿಂತು ನುಡಿಸುವವರಿಗೆ. ನೀವು ನೆಲದ ಮೇಲೆ ಕೂರುವವರು. ಒಂದೂಕಾಲು ಮೀಟರಿನಿಂದ ಒಂದೂವರೆ ಮೀಟರ್ ಒಳಗೆ ಶುರು ಮಾಡಿ, ತಂಡದಿಂದ ಸುಮಾರು ಎರಡು ಮೀಟರ್ ದೂರದಲ್ಲಿ. ಅಲ್ಲಿಂದ ಅರ್ಧ ಅಡಿ ಹಿಂದೆ, ಅರ್ಧ ಅಡಿ ಮುಂದೆ ಸರಿಸುತ್ತಾ ಕೇಳಿ. ಅರ್ಧ ಅಡಿಗೆ ಎಷ್ಟು ಬದಲಾಗುತ್ತದೆ ಅಂತ ನೀವೇ ನಂಬಲ್ಲ.

ತೊಟ್ಟಿಮನೆ_ಮಂಡ್ಯ:

ಅಕ್ಕಾ, ತೊಟ್ಟಿಮನೆ ಇದ್ದೂ ಕುವೆಂಪುನಗರದ ಟೈಲ್ಸ್ ಹಾಲ್ ಯಾಕೆ ಯೋಚನೆ ಮಾಡುತ್ತೀರಾ? ನಮ್ಮದೂ ತೊಟ್ಟಿಮನೆ, ಶ್ರೀರಂಗಪಟ್ಟಣ ದಾಟಿ ಮಂಡ್ಯ ಕಡೆಗೆ. ಅಲ್ಲಿ ಹರಿಕಥೆ, ಭಜನೆ, ಒಮ್ಮೆ ಕೊಳಲು ಕಚೇರಿ ಎಲ್ಲಾ ರೆಕಾರ್ಡ್ ಮಾಡಿದ್ದೇನೆ.

ಮರದ ಕಂಬ, ಮರದ ತೊಲೆ, ಸುಣ್ಣದ ಗಾರೆ ಗೋಡೆ, ಎಲ್ಲೂ ಎರಡು ಮೇಲ್ಮೈ ಸರಿಯಾಗಿ ಎದುರುಬದುರು ಇರಲ್ಲ. ಇದ್ದರೂ ನಡುವೆ ಒಂದು ಕಂಬ ಅಡ್ಡ ಬಂದು ಸದ್ದನ್ನು ಚೆದುರಿಸುತ್ತದೆ. ತೊಟ್ಟಿಯ ಮೇಲೆ ಆಕಾಶ ಇರುವುದರಿಂದ ಜಮಖಾನ ಸರ್ ಹೇಳಿದ ಆ ಟರ್ರ್ ಅಲ್ಲಿ ಹುಟ್ಟುವುದೇ ಇಲ್ಲ. ಆದರೆ ತೊಟ್ಟಿಯ ಒಳಗೆ ಕೂರಬೇಡಿ. ಕೂತರೆ ಸದ್ದು ಎಲ್ಲಾ ಮೇಲಕ್ಕೆ ಹಾರಿಹೋಗುತ್ತದೆ, ರೆಕಾರ್ಡಿಂಗ್ ಬಯಲಿನಲ್ಲಿ ಮಾಡಿದ ಹಾಗಿರುತ್ತದೆ. ಸುತ್ತಲಿನ ಪಡಸಾಲೆಯಲ್ಲಿ ಕೂತು, ಬೆನ್ನಿಗೆ ಗೋಡೆಯಿಂದ ಮೂರು ನಾಲ್ಕು ಅಡಿ ಬಿಟ್ಟು, ತೊಟ್ಟಿಯ ಕಡೆಗೆ ಮುಖ ಮಾಡಿ. ಮೈಕನ್ನು ತೊಟ್ಟಿಯ ಅಂಚಿಗೆ. ಕೆಂಪು ಗಾರೆ ನೆಲ ಇದ್ದರೆ ಪೂರ್ತಿ ಜಮಖಾನ ಹಾಸಬೇಡಿ, ಕೂರುವಷ್ಟಕ್ಕೆ ಚಾಪೆ ಸಾಕು. ಆ ನೆಲದಿಂದ ಮೇಲೆ ಬರುವ ಸದ್ದೇ ವೀಣೆಗೆ ಮೈ ಕೊಡುವುದು.

ಕಷ್ಟ ಇರುವುದು ಗಲಾಟೆಯದು. ಹಳ್ಳಿ ಅಂದರೆ ನಿಶ್ಶಬ್ದ ಅಂತ ಸಿಟಿಯವರ ನಂಬಿಕೆ. ಕಬ್ಬು ಕಡಿಯುವ ಕಾಲದಲ್ಲಿ ಬಂದು ನೋಡಿ, ರಾತ್ರಿ ಎಲ್ಲಾ ಟ್ರ್ಯಾಕ್ಟರು, ಅದರ ಮೇಲೆ ಟೇಪ್ ರೆಕಾರ್ಡರು. ಆಲೆಮನೆ ಹತ್ತಿರ ಇದ್ದರೆ ಅದರ ಇಂಜಿನ್ನು. ಥ್ರೀ ಫೇಸ್ ಕರೆಂಟ್ ಬಂದ ತಕ್ಷಣ ಊರಿನ ಪಂಪ್‌ಸೆಟ್ ಎಲ್ಲಾ ಒಟ್ಟಿಗೆ ಶುರು. ಮಳೆಗಾಲದಲ್ಲಿ ಕಪ್ಪೆ, ಜೀರುಂಡೆ. ಥ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೆ ಅಂತ ನಿಮ್ಮ ಮಾವನನ್ನೇ ಕೇಳಿ, ಅವರಿಗೆ ಬಾಯಿಪಾಠ ಇರುತ್ತದೆ. ಅದು ಇಲ್ಲದ ಹೊತ್ತನ್ನೇ ಹಿಡಿಯಿರಿ. ಮಧ್ಯಾಹ್ನ ಊಟ ಆದ ಮೇಲೆ ಎರಡರಿಂದ ನಾಲ್ಕು, ನಮ್ಮ ಕಡೆ ಅದು ಬೆಳಗಿನ ಜಾವಕ್ಕಿಂತ ಒಳ್ಳೆಯದು. ಬೆಳಗಿನ ಜಾವ ಹಕ್ಕಿಗಳದ್ದೇ ರಾಜ್ಯ. ನನಗಂತೂ ಒಂದೆರಡು ಗುಬ್ಬಿ ಕೇಳಿಸಿದರೆ ಬೇಜಾರಿಲ್ಲ, ನಿಮಗೆ ಹೇಗೋ.

ಮಂಟಪ ಬಿಡಿ. ಮೇಲುಕೋಟೆ ಕಲ್ಲು ಮಂಟಪದಲ್ಲಿ ಒಬ್ಬರು ನಿಂತು ಶ್ಲೋಕ ಹೇಳಿದರೆ ಮೈ ಜುಮ್ ಅನ್ನುತ್ತದೆ, ನಿಜ. ಮೃದಂಗ ಸೇರಿದರೆ ಒಂದು ಏಟು ಮುಗಿಯುವುದರೊಳಗೆ ಇನ್ನೊಂದು ಬಂದು ಎಲ್ಲಾ ಕಲಸಿಹೋಗುತ್ತದೆ. ಅನುಮತಿ, ಪ್ರವಾಸಿಗರು, ಕೋತಿಗಳು ಬೇರೆ.

ಫ್ರಿಜ್, ಯುಪಿಎಸ್, ಫ್ಯಾನ್ ಎಲ್ಲಾ ಆರಿಸಿ. ಫ್ರಿಜ್ ಆರಿಸಿದಾಗ ಕಾರಿನ ಕೀ ಒಳಗೆ ಇಟ್ಟುಬಿಡಿ, ಆಗ ಮನೆಗೆ ಹೊರಡುವಾಗ ಮತ್ತೆ ಆನ್ ಮಾಡುವುದು ಮರೆಯಲ್ಲ. ಸಿನಿಮಾ ಸೌಂಡ್‌ನವರ ಹಳೆ ಉಪಾಯ ಇದು.

ಕರುಳ್ತಂತಿ:

ನಾನು ಪಿಟೀಲಿನವನು, ಎರಡೂ ಪದ್ಧತಿ ಸ್ವಲ್ಪ ಸ್ವಲ್ಪ ಗೊತ್ತು. ಯಾರೂ ಶ್ರುತಿ ಬಗ್ಗೆ ಕೇಳಲಿಲ್ಲವಲ್ಲ? ವೀಣೆ ಎಷ್ಟು ಮನೆಗೆ ಕಟ್ಟುತ್ತೀರಿ? ಮೂರು ಮನೆ, ಅಂದರೆ ಪಾಶ್ಚಾತ್ಯರ ಇ ಸ್ವರವನ್ನು ಷಡ್ಜವಾಗಿ ಇಟ್ಟುಕೊಂಡಿದ್ದೀರಿ ಅಂದುಕೊಳ್ಳೋಣ. ಆಗ ಪಿಟೀಲಿನ ನಾಲ್ಕು ತಂತಿ ಸ ಪ ಸ ಪ, ಅಂದರೆ ಇ ಬಿ ಇ ಬಿ. ಪಾಶ್ಚಾತ್ಯರು ಕಟ್ಟುವುದು ಜಿ ಡಿ ಎ ಇ. ಲೆಕ್ಕ ಹಾಕಿ ನೋಡಿ, ಕೆಳಗಿನ ಎರಡು ತಂತಿ ಮೂರು ಅರ್ಧಸ್ವರ ಇಳಿದಿವೆ, ಮೇಲಿನ ಎರಡು ಐದು ಅರ್ಧಸ್ವರ. ಬರೋಕ್‌ನವರು ಎ ಅನ್ನು 440 ಹರ್ಟ್ಜ್‌ನಿಂದ 415ಕ್ಕೆ ಇಳಿಸುತ್ತಾರೆ, ಅದು ಬರೀ ಒಂದು ಅರ್ಧಸ್ವರ. ನಿಮ್ಮ ಗೆಳತಿ ಹಾಲೆಂಡಿನಿಂದ ತಂದ ತಂತಿಗಳು ಆ 415ಕ್ಕೆ ಅಳತೆ ಮಾಡಿದವು ಆಗಿದ್ದರೆ, ಇಲ್ಲಿ ಅವು ಜೋಲುತ್ತವೆ. ಕಮಾನು ಒತ್ತಿದರೆ ಶ್ರುತಿ ಬಾಗುತ್ತದೆ, ಗಮಕ ಹಾಕಿದರೆ ಬೆರಳ ಕೆಳಗೆ ತಂತಿ ಉರುಳುತ್ತದೆ. ಇನ್ನೂ ದಪ್ಪ ತಂತಿ ತರಿಸಬೇಕು. ಕರುಳಿನ ತಂತಿ ಮಾಡುವವರು ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳಿದರೆ ಕೊಡುತ್ತಾರೆ, ಯಾವ ಸ್ವರಕ್ಕೆ ಬೇಕು ಅಂತ ಬರೆದು ಕೇಳಿ. ತೀರಾ ಕೆಳಗಿನ ತಂತಿಗೆ ಮೇಲೆ ಲೋಹದ ಸುತ್ತು ಇರುವುದನ್ನೇ ತೆಗೆದುಕೊಳ್ಳಿ. ಅದು ಕಾಲಕ್ಕೆ ವಿರುದ್ಧ ಏನಲ್ಲ, ಸುತ್ತು ತಂತಿ 17ನೇ ಶತಮಾನದ ಕೊನೆಯ ಹೊತ್ತಿಗೇ ಬಂದಿತ್ತು.

ಸ್ಟೀಲ್ ತಂತಿ ಯುರೋಪಿನಲ್ಲೂ ತೀರಾ ಹಳೆಯದಲ್ಲ. ಮೇಲಿನ ಇ ತಂತಿಗೆ ಸ್ಟೀಲ್ ಬಳಕೆ ಹರಡಿದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ಅದಕ್ಕೆ ಮೊದಲು ಎಲ್ಲರೂ ಕುರಿ ಕರುಳನ್ನೇ ನೆಚ್ಚಿಕೊಂಡಿದ್ದರು. (ನನ್ನ ಅಜ್ಜಿಗೆ ಇದು ಗೊತ್ತಾದ ದಿನ ಪಿಟೀಲು ದೇವರ ಮನೆಯಿಂದ ಹೊರಬಿತ್ತು. ಮೃದಂಗ ಮಾತ್ರ ಒಳಗೇ ಇತ್ತು. ಅದರ ಮುಖಕ್ಕೆ ಏನು ಬಿಗಿದಿರುತ್ತಾರೆ ಅಂತ ನಾನು ಹೇಳಲು ಹೋಗಲಿಲ್ಲ.)

ಹವೆ. ಕರುಳು ತೇವ ಕುಡಿಯುತ್ತದೆ, ಬಿಡುತ್ತದೆ, ಶ್ರುತಿ ಓಡುತ್ತಲೇ ಇರುತ್ತದೆ. ತೇವ ಹೆಚ್ಚೋ ಕಡಿಮೆಯೋ ಅನ್ನುವುದಕ್ಕಿಂತ ಅದರ ಬದಲಾವಣೆಯೇ ಶತ್ರು. ಆದ್ದರಿಂದ ವಾದ್ಯವನ್ನು ರೆಕಾರ್ಡ್ ಮಾಡುವ ಪಡಸಾಲೆಯಲ್ಲೇ ಹಿಂದಿನ ರಾತ್ರಿ ತಂದು ಇಟ್ಟುಬಿಡಿ, ಪೆಟ್ಟಿಗೆ ತೆರೆದು. ಏಸಿ ಕಾರಿನಿಂದ ಇಳಿಸಿ ನೇರ ನುಡಿಸಿದರೆ ಅರ್ಧ ದಿನ ಶ್ರುತಿ ಕಟ್ಟುವುದರಲ್ಲೇ ಹೋಗುತ್ತದೆ. ವೀಣೆಗೂ ಇದೇ ಮಾತು. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ವಿಡಿಯೋ ಕೂಡ ಮಾಡುತ್ತೇವೆ ಅಂತ ಯಾರಾದರೂ ದೊಡ್ಡ ಬಿಸಿ ಲೈಟು ತಂದರೆ ಓಡಿಸಿ. ಕರುಳಿನ ತಂತಿ ಸವೆದು ಕೂದಲು ಎದ್ದರೆ ಎಳೆಯಬೇಡಿ, ಉಗುರು ಕತ್ತರಿಯಿಂದ ಕತ್ತರಿಸಿ. ಒಂದು ಜೊತೆ ಜಾಸ್ತಿ ತಂತಿ ಮೊದಲೇ ಹಾಕಿ ಎಳೆದು ಪಳಗಿಸಿ ಇಟ್ಟಿರಲಿ. ಹೊಸ ತಂತಿ ಎರಡು ಮೂರು ದಿನ ಹಿಗ್ಗುತ್ತಲೇ ಇರುತ್ತದೆ.

ಸಾರಣಿ_ಕುವೆಂಪುನಗರ:

ತುಂಬಾ ಧನ್ಯವಾದ! ಇ ಬಿ ಇ ಬಿ ಲೆಕ್ಕ ನೋಡಿ ಗೆಳತಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ. ಸುಮ್ನೆ ಜೋಲುತ್ತಿರುವುದು ಪಿಟೀಲಿನ ದೋಷ ಅಂತ ಅಂದುಕೊಂಡಿದ್ದಳು, ತಂತಿ ಹೊಸದಾಗಿ ತರಿಸುತ್ತಾಳೆ. ತೊಟ್ಟಿಮನೆಯೇ ಅಂತ ಹೆಚ್ಚುಕಡಿಮೆ ನಿರ್ಧಾರ.

ಇನ್ನೆರಡು ಪ್ರಶ್ನೆ. ಎರಡೇ ಮೈಕ್ ಅಂದರೆ ಅಣ್ಣನ ಮೃದಂಗ ನಮ್ಮಿಬ್ಬರನ್ನೂ ನುಂಗುತ್ತದೆ. ಅದಕ್ಕೆ ಏನು? ಆಮೇಲೆ ಉಗುರು ತಂತಿಗೆ ತಾಗುವ ಟಿಕ್, ಬೆರಳು ಜಾರುವಾಗಿನ ಸದ್ದು, ಕಮಾನಿನ ಕರಕರ, ಇವೆಲ್ಲ ಇರಲಿ ಅಂತ ನಾವು, ತೆಗೆಯಬೇಕು ಅಂತ ಅಣ್ಣ.

ತೊಪ್ಪಿ_ಮತ್ತು_ರವೆ:

ನಾನು ಮೃದಂಗದವನು, ಆದ್ದರಿಂದ ಬೈಗುಳ ನನಗೇ ಬರಲಿ.

ವೇದಿಕೆ ಮೇಲೆ ಮೃದಂಗದವರು ಬಲಮುಖ ಸಭೆಯ ಕಡೆಗೆ ಬರುವ ಹಾಗೆ ಕೂರುತ್ತಾರೆ. ಕಚೇರಿಗೆ ಅದು ಸರಿ. ಅದೇ ಅಭ್ಯಾಸದಲ್ಲಿ ರೆಕಾರ್ಡಿಂಗಿಗೂ ಕೂತರೆ ಆ ಚಾಪು, ಮೀಟು ಏಟುಗಳೆಲ್ಲಾ ನೇರ ಮೈಕಿನ ಬಾಯಿಗೇ ಹೋಗುತ್ತದೆ. ಅಣ್ಣನನ್ನು ತಿರುಗಿಸಿ. ವೀಣೆ, ಪಿಟೀಲು ಮುಂದೆ, ಮೃದಂಗ ನಡುವೆ ಹಿಂದಕ್ಕೆ ಒಂದೂವರೆ ಮೀಟರ್, ಎರಡೂ ಮುಖಗಳು ಎಡಬಲಕ್ಕೆ ಬರುವ ಹಾಗೆ, ಮೃದಂಗದ ಮೈ ಮೈಕಿನ ಕಡೆಗೆ. ದೂರ ಎರಡರಷ್ಟಾದರೆ ನೇರ ಬರುವ ಸದ್ದು 6 ಡಿಬಿ ಇಳಿಯುತ್ತದೆ, ಅಷ್ಟೇ ಸಾಕು. ಇಲ್ಲಿ ಫೇಡರ್ (ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿ) ಅಂದರೆ ಕೂರುವ ಚಾಪೆ. ಚಾಪೆ ಎಳೆದು ಬ್ಯಾಲೆನ್ಸ್ ಮಾಡಿಕೊಳ್ಳಿ.

ಅಣ್ಣ ಒಪ್ಪದೆ ತನಗೊಂದು ಪ್ರತ್ಯೇಕ ಮೈಕ್ ಕೇಳಿದರೆ ಕೊಡಬೇಡಿ ಅಂತ ನಾನು ಹೇಳುತ್ತೇನೆ, ನನ್ನ ಕುಲಕ್ಕೇ ದ್ರೋಹ ಮಾಡಿದ ಹಾಗಾದರೂ ಸರಿ. ಹತ್ತಿರ ಒಂದು ಮೈಕ್, ದೂರ ಎರಡು ಮೈಕ್ ಇದ್ದರೆ ಅದೇ ಏಟು ಎರಡು ಸಲ ಬರುತ್ತದೆ. ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆ ವ್ಯತ್ಯಾಸ ಸರಿಮಾಡದೆ ಬೆರೆಸಿದರೆ ಮೃದಂಗ ಪೊಳ್ಳಾಗುತ್ತದೆ. ತೊಪ್ಪಿಗೆ, ಅಂದರೆ ಎಡಮುಖಕ್ಕೆ, ಹಚ್ಚುವ ರವೆಯೂ ಸ್ವಲ್ಪ ಹದವಾಗಿ ಇರಲಿ. ಜಾಸ್ತಿ ಹಚ್ಚಿದರೆ ಗುಮ್ಕಿಯ (ಎಡಮುಖದ ಬಾಗುವ ನಾದ) ಗುಂಯ್ ಪಡಸಾಲೆ ತುಂಬಿಬಿಡುತ್ತದೆ, ವೀಣೆಯ ಅನುಮಂದ್ರ (ತೀರಾ ಕೆಳಗಿನ ಸ್ಥಾಯಿ) ಎಲ್ಲಿ ಅಂತ ಹುಡುಕಬೇಕಾಗುತ್ತದೆ. ರವೆ ಮಧ್ಯೆ ಮಧ್ಯೆ ಒಣಗುತ್ತದೆ, ಪ್ರತಿ ಟೇಕಿಗೆ ಮೊದಲು ನೋಡಿಕೊಳ್ಳಲು ಹೇಳಿ.

ಹಳೇ_ರೇಡಿಯೋ:

ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ, ಸಿಟ್ಟಾಗಬೇಡಿ.

ಹಳೆ ಕಾಲದ ಸದ್ದು ಅಂತೀರಲ್ಲ, ಯಾವ ಕಾಲದ್ದು? ಬಾಲುಸ್ವಾಮಿ ದೀಕ್ಷಿತರ ಕಾಲದ ಪಿಟೀಲು, ಅಜ್ಜಿ ಕಾಲದ ವೀಣೆ, ಈ ಕಾಲದ ಮೃದಂಗ, ಈ ಕಾಲದ 24 ಬಿಟ್. ನಮ್ಮ ಚೌಡಯ್ಯನವರನ್ನೇ ನೋಡಿ. ಇಲ್ಲೇ ತಿರುಮಕೂಡಲಿನವರು, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಅಂತಲೇ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅವರಿಗೆ ಮೃದುವಾದ ಹಳೆ ಸದ್ದು ಸಾಕಾಗಿರಲಿಲ್ಲ. ಕಾಂಟ್ಯಾಕ್ಟ್ ಮೈಕ್ ಸಿಕ್ಕಿದ್ದರೆ ಬೇಡ ಅನ್ನುತ್ತಿದ್ದರಾ? ನನಗೆ ನಂಬಿಕೆ ಇಲ್ಲ.

ಇನ್ನು ಹಳೆ ರೆಕಾರ್ಡುಗಳು. 1925ರ ಸುಮಾರಿಗೆ ವಿದ್ಯುತ್ ಮೈಕಿನ ರೆಕಾರ್ಡಿಂಗ್ ಬರುವ ತನಕ ಎಲ್ಲರೂ ಒಂದು ತುತ್ತೂರಿಯ ಬಾಯಿಗೆ ಹಾಡುತ್ತಿದ್ದರು. ಪಿಟೀಲಿನ ಸದ್ದು ಅದಕ್ಕೆ ಸಾಲದು ಅಂತ ಪಶ್ಚಿಮದಲ್ಲಿ ಸ್ಟ್ರೋ ಪಿಟೀಲು ಅಂತಲೇ ಬಂತು, ಮರದ ಪೆಟ್ಟಿಗೆ ಇಲ್ಲ, ಬದಲಿಗೆ ಲೋಹದ ತುತ್ತೂರಿ. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲಿ ಆಲಾಪನೆ, ಕೃತಿ, ಸ್ವರ ಎಲ್ಲಾ ಮುಗಿಸಬೇಕು. ಅಂದರೆ ಆ ಕಾಲದ ಸದ್ದು ಅಂತ ನಮ್ಮ ತಲೆಯಲ್ಲಿ ಇರುವುದರಲ್ಲಿ ಅರ್ಧ ಆ ಕಾಲದ ಯಂತ್ರದ್ದು.

ಮೈಸೂರಿನವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಜಯಚಾಮರಾಜ ಒಡೆಯರ್ 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿದ್ದ ರಷ್ಯದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟರು. ಎಚ್‌ಎಂವಿ ತಟ್ಟೆಗಳು, ಪಿಯಾನೋದಲ್ಲಿ ಸ್ವತಃ ಮೆಟ್ನರ್. ಅವರು ತಮ್ಮ ಮೂರನೇ ಪಿಯಾನೋ ಕಾನ್ಸೆರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ. ಮಹಾರಾಜರು ಹಳೆ ಸದ್ದು ಬೇಕು ಅನ್ನಲಿಲ್ಲ, ಇರುವುದರಲ್ಲಿ ಒಳ್ಳೆ ಯಂತ್ರ ತಂದು ಬದುಕಿರುವ ಮನುಷ್ಯನನ್ನು ಹಿಡಿದಿಟ್ಟರು. ನೀವೂ ಚೆನ್ನಾಗಿ ಕೇಳುವ ಹಾಗೆ ಮಾಡಿ, ಕಾಲದ ಹಂಗು ಯಾಕೆ?

ಕರುಳ್ತಂತಿ:

ಹಳೇ ರೇಡಿಯೋ ಸರ್, ಚೌಡಯ್ಯನವರ ಮಾತು ಒಪ್ಪುತ್ತೇನೆ, ಆದರೆ ಅದು ನನ್ನ ಕಡೆಗೇ ವಾದ ಮಾಡುತ್ತದೆ. ಅವರು ಜೋರು ಬೇಕು ಅಂತ ವಾದ್ಯವನ್ನೇ ಬದಲಾಯಿಸಿದರು. ಹಾಗಾದರೆ ಅದಕ್ಕೆ ಮೊದಲು ಇದ್ದ ವಾದ್ಯ ಬೇರೆ ಥರ ಕೇಳಿಸುತ್ತಿತ್ತು ಅಂತ ಆಯಿತಲ್ಲ. ಅದು ಹೇಗಿತ್ತು ಅಂತ ಕೇಳುವ ಕುತೂಹಲ ತಪ್ಪಾ? ಇವರೇನೂ ಎಲ್ಲರೂ ಕರುಳಿಗೆ ವಾಪಸ್ ಹೋಗಿ ಅಂತ ಹೇಳುತ್ತಿಲ್ಲ.

ಕರುಳಿನ ತಂತಿಯಲ್ಲಿ ಸ್ವರ ಶುರುವಾಗುವ ಕ್ಷಣವೇ ಬೇರೆ. ಕಮಾನು ಹಿಡಿದು ಮಾತು ಬರಲು ಒಂದು ಕ್ಷಣ ತಗೊಳ್ಳುತ್ತದೆ, ವ್ಯಂಜನದ ಹಾಗೆ ಒಂದು ಒರಟು ಅಂಚು ಇರುತ್ತದೆ. ನೊಟ್ಟುಸ್ವರದಂಥ ಗಮಕ ಕಡಿಮೆ ಇರುವ, ನಡೆ ಮುಖ್ಯವಾಗಿರುವ ಸಂಗೀತದಲ್ಲಿ ಆ ಅಂಚೇ ತಾಳ ತೋರಿಸುವುದು. ವೀಣೆಯ ಮೀಟಿಗೂ ಅಂಥದ್ದೇ ಅಂಚು ಇದೆ. ಮೈಸೂರು ಬಾನಿಯಲ್ಲಂತೂ ಮೀಟು ಬಿಡಿಬಿಡಿಯಾಗಿ ಕೇಳುವುದೇ ಚಂದ. ಇವೆರಡು ಒಟ್ಟಿಗೆ ಬರುವುದನ್ನು ನಾನು ಕೇಳಿಲ್ಲ, ಕೇಳಬೇಕು. ಅದಕ್ಕೇ ಸಾರಣಿಯವರೇ, ಕರಕರ, ಟಿಕ್ ಏನೂ ತೆಗೆಯಬೇಡಿ. ಹೆಚ್ಚಾಯಿತು ಅನಿಸಿದರೆ ಸಾಫ್ಟ್‌ವೇರಿನಲ್ಲಿ ಒರೆಸುವ ಬದಲು ಮೈಕ್ ಒಂದಡಿ ಹಿಂದೆ ಅಥವಾ ಮೇಲೆ ಸರಿಸಿ. ಆ ಸದ್ದುಗಳೆಲ್ಲ ಹತ್ತಿರಕ್ಕೆ ಮಾತ್ರ ಜೋರು, ಎರಡು ಮೀಟರ್ ದಾಟಿದರೆ ತಾವಾಗಿಯೇ ಸಂಗೀತದ ಒಳಗೆ ಸೇರಿಕೊಳ್ಳುತ್ತವೆ.

ಹಳೇ_ರೇಡಿಯೋ:

ಕುತೂಹಲ ಅಂದರೆ ಸರಿ, ನನ್ನ ತಕರಾರಿಲ್ಲ. ಆದರೆ ಕವರ್ ಮೇಲೆ "ದೀಕ್ಷಿತರ ಕಾಲದ ಅಸಲಿ ನಾದ" ಅಂತ ಬರೆದರೆ ಮಾತ್ರ ಜಗಳಕ್ಕೆ ಬರುತ್ತೇನೆ.

ಜಮಖಾನ:

ಇಬ್ಬರೂ ಆಮೇಲೆ ಜಗಳ ಆಡಿ, ಕೆಲಸದ ಮಾತು ಇನ್ನೂ ಬಾಕಿ ಇದೆ.

ತಂಬೂರಿ. ಅದನ್ನು ಯಾರೂ ಯೋಚನೆ ಮಾಡಿಲ್ಲ. ವೇದಿಕೆಯ ಹಾಗೆ ಹಿಂದೆ ಕೂರಿಸಿದರೆ ಅಲ್ಲಿ ಮೃದಂಗ ಇದೆ. ತಂಬೂರಿಯನ್ನು ವೀಣೆಯ ಆ ಕಡೆ ಪಕ್ಕಕ್ಕೆ, ತುಸು ಹಿಂದಕ್ಕೆ ಕೂರಿಸಿ. ಜಾಸ್ತಿ ಕೇಳಿದರೆ ಇನ್ನೂ ಪಕ್ಕಕ್ಕೆ, ಮೈಕಿನ ಬೆನ್ನಿನ ಕಡೆಗೆ ಸರಿಸುತ್ತಾ ಹೋಗಿ. ಕಾರ್ಡಿಯಾಯ್ಡ್ ಮೈಕ್ ಬೆನ್ನಿನ ಕಡೆ ಸರಿಯಾಗಿ ಕೇಳಿಸಿಕೊಳ್ಳಲ್ಲ, ಅದನ್ನೇ ಉಪಯೋಗಿಸಿಕೊಳ್ಳುವುದು. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾತ್ರ ಬೇಡ. ಪುಟ್ಟ ಸ್ಪೀಕರಿನ ಸದ್ದು ಈ ವಾದ್ಯಗಳ ಪಕ್ಕ ಪ್ಲಾಸ್ಟಿಕ್ ಥರ ಎದ್ದು ಕಾಣುತ್ತದೆ.

ಟೇಕ್ ವಿಷಯ. ಪಾಶ್ಚಾತ್ಯ ಚೇಂಬರ್ ಸಂಗೀತದಲ್ಲಿ ಬರೆದಿಟ್ಟದ್ದನ್ನೇ ನುಡಿಸುವುದರಿಂದ ಎಲ್ಲಿ ಬೇಕಾದರೂ ಕತ್ತರಿಸಿ ಜೋಡಿಸುತ್ತಾರೆ. ನೊಟ್ಟುಸ್ವರಕ್ಕೂ ಅದು ನಡೆಯುತ್ತದೆ, ಚಿಕ್ಕವು, ಕಟ್ಟಿದ ಧಾಟಿ. ವಾಸುದೇವಾಚಾರ್ಯರ ಕೃತಿಗೆ ನೆರವಲು, ಕಲ್ಪನಾಸ್ವರ ಥರ ಆಗಲೇ ಹೊಳೆಯುವುದನ್ನು ಸೇರಿಸಿದರೆ ಮಾತ್ರ ನಡೆಯಲ್ಲ, ಪ್ರತಿ ಸಲ ಬೇರೆ ಬರುತ್ತದೆ. ಅಂಥದ್ದನ್ನು ಇಡೀ ಇಡಿಯಾಗಿ ನುಡಿಸಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಿ. ಜೋಡಿಸಬಹುದಾದ ಜಾಗ ಅಂದರೆ ಪಲ್ಲವಿ ಮುಗಿದು ಅನುಪಲ್ಲವಿ ಎತ್ತುವ ಮುಂಚೆ, ಅಷ್ಟೇ. ಅದಕ್ಕೂ ಎರಡು ಟೇಕಿನ ಶ್ರುತಿ ಒಂದೇ ಇರಬೇಕು. ಕರುಳಿನ ತಂತಿ ನಡುವೆ ಜಾರಿದ್ದರೆ ಜೋಡಣೆ ಕಿವಿಗೆ ಹೊಡೆಯುತ್ತದೆ. ಆದ್ದರಿಂದ ಪ್ರತಿ ಟೇಕಿಗೆ ಮೊದಲು ತಂಬೂರಿಯ ಷಡ್ಜವನ್ನು ಫೋನಿನ ಟ್ಯೂನರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಫೋನ್ ಆಮೇಲೆ ಏರೋಪ್ಲೇನ್ ಮೋಡ್.

ಎಲ್ಲರೂ ಉಸಿರು ಬಿಗಿಹಿಡಿದು ಕೂತು ಪಡಸಾಲೆಯ ಬರೀ ಮೌನವನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿ. ಜೋಡಣೆಯ ಸಂದಿಗೆ, ಹಾಡಿನ ನಡುವಿನ ಬಿಡುವಿಗೆ ಅದು ಬೇಕೇ ಬೇಕು. ಪೂರ್ತಿ ಸೊನ್ನೆ ಹಾಕಿದರೆ ಕರೆಂಟ್ ಹೋದ ಹಾಗೆ ಅನಿಸುತ್ತದೆ.

ಕೊನೆಗೆ ಯೂಟ್ಯೂಬಿಗೆ ಹಾಕುವಾಗ ಯಾರೋ ಬಂದು ಕಂಪ್ರೆಸ್ ಮಾಡಿ (ಮೆಲು, ಜೋರುಗಳ ಅಂತರ ಕುಗ್ಗಿಸಿ) ಜೋರು ಮಾಡೋಣ ಅನ್ನುತ್ತಾರೆ. ಮಾಡಬೇಡಿ. ವೀಣೆಯ ಸ್ವರ ಮೀಟಿದ ಮೇಲೆ ಇಳಿಯುತ್ತಾ ಹೋಗುತ್ತದೆ, ಕಂಪ್ರೆಸರ್ ಆ ಇಳಿಜಾರನ್ನೇ ಮಟ್ಟ ಮಾಡಿಬಿಡುತ್ತದೆ. ನಿಮ್ಮ ಸ್ಟುಡಿಯೋದ ಕೀಬೋರ್ಡ್ ಸದ್ದಿಗೆ ಅದೂ ಒಂದು ಕಾರಣ ಇರಬಹುದು. ಯೂಟ್ಯೂಬ್ ಹೇಗೂ ಜೋರಾದದ್ದನ್ನು ತಾನೇ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಒಟ್ಟು ಜೋರಿನ ಅಳತೆ) ಮಟ್ಟಕ್ಕೆ ಇಳಿಸುತ್ತದೆ, ಒದ್ದಾಡಿ ಲಾಭ ಇಲ್ಲ.

ಸಾರಣಿ_ಕುವೆಂಪುನಗರ:

ಅಣ್ಣನಿಗೆ ತೊಪ್ಪಿ ಸರ್ ಬರೆದದ್ದು ಓದಿ ಹೇಳಿದೆ. "ಮೃದಂಗದವನೇ ಹೀಗೆ ಹೇಳಿದನಾ?" ಅಂತ ಒಂದು ಸುತ್ತು ಬೈದು, ಆಮೇಲೆ ತಿರುಗಿ ಕೂತು ನೋಡೋಣ ಅಂದ. ಫೆಬ್ರವರಿಯಲ್ಲಿ ಮಾವನ ಮನೆಗೆ ಹೋಗುತ್ತೇವೆ. ಕಬ್ಬಿನ ಟ್ರ್ಯಾಕ್ಟರ್ ಹಾವಳಿ ಆಗಲೂ ಇರುತ್ತದಾ ತೊಟ್ಟಿಮನೆ ಸರ್?

ತೊಟ್ಟಿಮನೆ_ಮಂಡ್ಯ:

ಇರಬಹುದು ಅಕ್ಕಾ, ಯಾರ ಗದ್ದೆ ಯಾವಾಗ ಕಟಾವಿಗೆ ಬರುತ್ತದೆ ಅನ್ನೋದರ ಮೇಲೆ. ಮಾವನ ಮನೆ ರಸ್ತೆಗೆ ಎಷ್ಟು ದೂರ? ಎದುರು ರಸ್ತೆ ಇದ್ದರೆ ಹಿಂದಿನ ಪಡಸಾಲೆ ನೋಡಿ, ಮುಂಬಾಗಿಲು ಮುಚ್ಚಿ. ಮತ್ತೆ ಮನೆಯಲ್ಲಿ ಹಸು ಇದ್ದರೆ ಹಾಲು ಕರೆಯುವ ಹೊತ್ತು ಬಿಟ್ಟು ಇಟ್ಟುಕೊಳ್ಳಿ, ಕರು ಕೂಗಿದರೆ ಯಾವ ಮೈಕೂ ಬೆನ್ನು ತಿರುಗಿಸಲ್ಲ. ತಂಬೂರಿ ಹಿಡಿಯಲು ಜನ ಕಡಿಮೆ ಬಿದ್ದರೆ ಇಲ್ಲೇ ಒಂದು ಮಾತು ಹಾಕಿ, ಪಾಂಡವಪುರ ನಮಗೆ ಹತ್ತಿರ, ನನ್ನ ಹೆಂಡತಿ ಹಾಡುತ್ತಾಳೆ, ಅವಳು ಬರುತ್ತಾಳೆ. ನಾನು ಸ್ಟ್ಯಾಂಡ್, ಕೇಬಲ್ ಹೊತ್ತುಕೊಂಡು ಬರುತ್ತೇನೆ.